ಕವರಿನೊಳಗಿನ ರಬ್ಬರ್ ಚೂರು

ಕನ್‌ಕಾರ್ಡ್, ನಾರ್ತ್ ಕ್ಯಾರೊಲಿನಾ
ಜೂನ್ 3, 2025

ತೀರ್ಥರೂಪರಾದ ಅಪ್ಪನವರಿಗೆ,

ನಿಮ್ಮ ಮಗಳು ಸುಧಾ ಮಾಡುವ ನಮಸ್ಕಾರಗಳು. ಇತ್ತ ನಾವು ಮೂವರೂ ಕ್ಷೇಮ. ಅಲ್ಲಿ ನೀವು, ಅಮ್ಮ, ಮಂಜು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕಣ್ಣಿನ ಆಪರೇಶನ್ ಆದಮೇಲೆ ಮೊಬೈಲಿನಲ್ಲಿ ಓದಿದರೆ ಕಣ್ಣು ಉರಿಯುತ್ತೆ ಅಂದಿರಲ್ಲ, ಅದಕ್ಕೇ ಈ ಕಾಗದ. ಅಕ್ಷರ ದಪ್ಪಗೆ, ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುತ್ತಿದ್ದೇನೆ. ಒಂದೇ ಸಲ ಓದಿ ಮುಗಿಸಬೇಡಿ.

ಮೊದಲು ಒಂದು ಮುಖ್ಯವಾದ ಮಾತು. ಕವರಿನೊಳಗೆ ಕರ್ರಗಿನ ಒಂದು ಚೂರು ಇದೆ. ಅಮ್ಮ ಕಸ ಅಂತ ಒಲೆಗೆ ಹಾಕುವುದರೊಳಗೆ ತೆಗೆದಿಟ್ಟುಕೊಳ್ಳಿ. ಅದು ಟೈರಿನ ರಬ್ಬರು. ಮೇ 25ರ ಭಾನುವಾರ ರಾತ್ರಿ ನಮ್ಮೂರಿನ ರೇಸ್ ಟ್ರ್ಯಾಕಿನ ಬೇಲಿ ದಾಟಿ ಹಾರಿ ಬಂದು ನನ್ನ ಮಡಿಲಿಗೆ ಬಿತ್ತು. ಟೈರು ಕಾದು ಸವೆದು ಹೀಗೆ ಚೂರುಚೂರಾಗಿ ಉದುರುತ್ತದೆ. ಇಲ್ಲಿಯವರು ಇದಕ್ಕೆ ಗೋಲಿ ಅನ್ನುತ್ತಾರೆ, ಮಾರ್ಬಲ್ಸ್. ಟ್ರ್ಯಾಕಿನ ಅಂಚಿನಲ್ಲಿ ಗೋಲಿ ರಾಶಿ ಬಿದ್ದಿರುತ್ತದೆ, ಅದರ ಮೇಲೆ ಚಕ್ರ ಹೋದರೆ ಗಾಡಿ ಜಾರುತ್ತದೆ.

ನಾನು ಕಳಿಸಿದ ಫೋಟೋ ನೋಡಿ ನೀವು ಫೋನಿನಲ್ಲಿ ನಕ್ಕಿರಿ. "ಗಾಣದ ಎತ್ತಿನ ಥರ ಸುತ್ತಿದ್ದೇ ಸುತ್ತೋದು, ಅದರಲ್ಲಿ ನೋಡೋದೇನಮ್ಮ ಇದೆ?" ಅಂದಿರಿ. ನನಗೂ ಮೊದಲ ಎರಡು ವರ್ಷ ಹಾಗೇ ಅನ್ನಿಸಿತ್ತು. ಇವರಿಗೆ ಈಗಲೂ ಹಾಗೇ. ಕಿವಿಗೆ ಹತ್ತಿ ಇಟ್ಟುಕೊಂಡು ಪುಟ್ಟನಿಗೆ ಪಾಪ್‌ಕಾರ್ನ್ ತಿನ್ನಿಸುವುದೇ ಇವರ ರೇಸು. ಆದರೆ ಬಿ.ಎಚ್. ರೋಡಿನಲ್ಲಿ ನಲವತ್ತು ವರ್ಷ ಪಂಕ್ಚರ್ ಅಂಗಡಿ ಇಟ್ಟವರ ಮಗಳು ನಾನು. ಆ ಭಾನುವಾರ ನಡೆದದ್ದು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅದು ನಾಸ್ಕಾರ್ ಅನ್ನುವ ಇಲ್ಲಿಯ ಕಾರ್ ರೇಸುಗಳಲ್ಲೇ ಅತಿ ಉದ್ದದ್ದು, 600 ಮೈಲಿ. ಬೆಂಗಳೂರಿನಿಂದ ಮುಂಬಯಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಒಂದೂವರೆ ಮೈಲಿಯ ಅದೇ ಟ್ರ್ಯಾಕಿನಲ್ಲಿ 400 ಸುತ್ತು. ಸಂಜೆ ಬಿಸಿಲಿರುವಾಗ ಹೊರಟರೆ ಮುಗಿಯುವುದು ನಡುರಾತ್ರಿಯ ಹತ್ತಿರಕ್ಕೆ. ರಾಸ್ ಚಾಸ್ಟೇನ್ ಅಂತ ಒಬ್ಬ ಡ್ರೈವರು. ಹಿಂದಿನ ದಿನ ಪ್ರಾಕ್ಟೀಸಿನಲ್ಲೇ ಅವನ ಟೈರು ಕೈಕೊಟ್ಟಿತು, ಕಾರು ಗೋಡೆಗೆ ಬಡಿದು ಹಾಳಾಯಿತು. ಅವನ ಹುಡುಗರು ರಾತ್ರಿ ನಿದ್ದೆಗೆಟ್ಟು ಇನ್ನೊಂದು ಕಾರು ಕಟ್ಟಿ ನಿಲ್ಲಿಸಿದರು. ಹಾಗೆ ಕಾರು ಬದಲಿಸಿದವನು ಎಲ್ಲರಿಗಿಂತ ಹಿಂದೆ ನಿಂತು ಹೊರಡಬೇಕು. 40 ಕಾರಿನಲ್ಲಿ ಇವನು ನಲವತ್ತನೆಯವನು.

ವಿಲಿಯಂ ಬೈರನ್ ಅಂತ ಇನ್ನೊಬ್ಬ, ನಮ್ಮೂರಿನ ಪಕ್ಕದ ದೊಡ್ಡ ನಗರ ಷಾರ್ಲಟ್‌ನಲ್ಲಿ ಹುಟ್ಟಿದ ಹುಡುಗ. 400 ಸುತ್ತಿನಲ್ಲಿ 283 ಸುತ್ತು ಅವನೇ ಮುಂದೆ. ಊರಿನವನೇ ಗೆಲ್ಲುತ್ತಾನೆ ಅಂತ ಜನ ಬಾವುಟ ಬಿಚ್ಚಿಟ್ಟುಕೊಂಡಿದ್ದರು. ಆರು ಸುತ್ತು ಉಳಿದಿರುವಾಗ ಚಾಸ್ಟೇನ್ ಅವನನ್ನು ದಾಟಿದ. ಕೊನೆಯ ಸ್ಥಾನದಿಂದ ಹೊರಟು ಈ 600 ಮೈಲಿಯ ರೇಸು ಗೆದ್ದವರು ಅದುವರೆಗೆ ಒಬ್ಬರೂ ಇರಲಿಲ್ಲವಂತೆ.

ಗೆದ್ದಮೇಲೆ ಅವನು ಏನು ಮಾಡಿದ ಗೊತ್ತೇ? ಒಂದು ಕಲ್ಲಂಗಡಿ ಹಣ್ಣನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದ! ಫ್ಲಾರಿಡಾದಲ್ಲಿ ತಲೆತಲಾಂತರದಿಂದ ಕಲ್ಲಂಗಡಿ ಬೆಳೆಯುವ ಮನೆತನ ಅವನದು. ಎಲ್ಲಿ ಗೆದ್ದರೂ ಹೀಗೇ ಒಡೆಯುತ್ತಾನೆ. ಸುತ್ತ ಇದ್ದವರು ಅದೇನೋ ತಮಾಷೆ ಅಂದುಕೊಂಡು ಕೂಗಿದರು. ನಾನು ಮಾತ್ರ ಪುಟ್ಟನಿಗೆ ಹೇಳಿದೆ: "ನೋಡು ಮಗಾ, ಈಡುಗಾಯಿ." ತಿಪಟೂರಿನವಳು ಇನ್ನೇನು ಹೇಳಲಿ?

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದಾರೆ, ನಿಮ್ಮ ವಯಸ್ಸಿನವರೇ. ಮೂವತ್ತು ವರ್ಷ ರೇಸ್ ಕಾರಿನ ಶೆಡ್ಡುಗಳಲ್ಲಿ ವೆಲ್ಡಿಂಗ್ ಮಾಡಿದವರು. ಆ ರಾತ್ರಿ ನಮ್ಮ ಜೊತೆ ಬಂದಿದ್ದರು. ವಾಪಸು ಬರುವಾಗ ಪಾರ್ಕಿಂಗಿನಲ್ಲಿ ಒಂದೂವರೆ ಗಂಟೆ ಗಾಡಿ ಅಲ್ಲಾಡಲಿಲ್ಲ. ಆಗ ಶುರುವಾಯಿತು ಅವರ ಪುರಾಣ. ಯಾರು ಗೆಲ್ಲಬೇಕಿತ್ತು, ಯಾರು ಗೆದ್ದರು ಅಂತ. ಅದಾದಮೇಲೆ ನಾನೂ ಹಳೆಯ ವಿಡಿಯೋ ಹುಡುಕಿ ಹುಡುಕಿ ನೋಡಿದೆ. ಅದರಲ್ಲಿ ಒಂದು ಕಥೆ ನಿಮಗಾಗಿಯೇ ಹುಟ್ಟಿದ್ದು ಅಂತ ಅನ್ನಿಸಿತು, ಏಕೆಂದರೆ ಅದು ಪಂಕ್ಚರ್ ಕಥೆ.

1990ರ ಫೆಬ್ರವರಿ, ಫ್ಲಾರಿಡಾದ ಡೇಟೋನಾ. ಇಲ್ಲಿಯವರ ಪಾಲಿಗೆ ಅಲ್ಲಿಯ 500 ಮೈಲಿಯ ರೇಸು ಡೇಟೋನಾ 500 ಅಂದರೆ ನಮ್ಮ ಮೈಸೂರು ದಸರೆ. ಡೇಲ್ ಅರ್ನ್‌ಹಾರ್ಟ್ ಅನ್ನುವವನು ಆಗ ಎಲ್ಲರೂ ಹೆದರುವ ಡ್ರೈವರು. ಕಪ್ಪು ಕಾರು, 3ನೇ ನಂಬರು. ನಮ್ಮ ಮನೆಯಿಂದ ಸ್ವಲ್ಪವೇ ದೂರದ ಕನ್ಯಾಪೊಲಿಸ್ ಎಂಬ ಬಟ್ಟೆ ಮಿಲ್ಲಿನ ಊರಿನವನು. ಅಷ್ಟರಲ್ಲಾಗಲೇ ಮೂರು ಸಲ ಇಡೀ ವರ್ಷದ ಚಾಂಪಿಯನ್ ಆಗಿದ್ದ, ಈ ಒಂದು ರೇಸು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಆ ದಿನ 200 ಸುತ್ತಿನಲ್ಲಿ 155 ಸುತ್ತು ಅವನೇ ಮುಂದೆ.

ಇನ್ನು ಕೆಲವೇ ಸುತ್ತು ಇರುವಾಗ ಒಂದು ಕಾರು ತಿರುಗಿ ನಿಂತು ಹಳದಿ ಬಾವುಟ ಬಿತ್ತು. ಹಳದಿ ಬಿದ್ದರೆ ಎಲ್ಲರೂ ನಿಧಾನ ಹೋಗಬೇಕು, ಯಾರನ್ನೂ ದಾಟುವ ಹಾಗಿಲ್ಲ. ಟೈರು ಬದಲಿಸಲು ಅದೇ ಸಮಯ. ಅರ್ನ್‌ಹಾರ್ಟ್ ಒಳಗೆ ಹೋಗಿ ಹೊಸ ಟೈರು ಹಾಕಿಸಿಕೊಂಡ. ಮುಂದಿದ್ದವರೆಲ್ಲ ಹೋದರು. ಡೆರಿಕ್ ಕೋಪ್ ಅಂತ ಒಬ್ಬ ಹೋಗಲಿಲ್ಲ. ನಾಸ್ಕಾರಿನ ಎಲ್ಲಕ್ಕಿಂತ ಮೇಲಿನ ಈ ಮಟ್ಟದ ಒಂದು ರೇಸನ್ನೂ ಅದುವರೆಗೆ ಗೆದ್ದವನಲ್ಲ. ಹಳೆಯ ಟೈರಿನಲ್ಲೇ ಮುಂದೆ ನಿಂತುಬಿಟ್ಟ. ಹಸಿರು ಬಾವುಟ ಬಿದ್ದಮೇಲೆ ಅರ್ನ್‌ಹಾರ್ಟ್ ಅವನನ್ನು ದಾಟಿಕೊಂಡು ಹೋದ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊನೆಯ ಸುತ್ತು. ಮೂರನೆಯ ತಿರುವು. ಇನ್ನು ಒಂದು ಕಿಲೋಮೀಟರು ಚಿಲ್ಲರೆ. ಟ್ರ್ಯಾಕಿನ ಮೇಲೆ ಯಾವುದೋ ಕಾರಿನಿಂದ ಬಿದ್ದ ಲೋಹದ ಚೂರು. ಅದು ಅರ್ನ್‌ಹಾರ್ಟನ ಬಲಗಡೆಯ ಹಿಂದಿನ ಟೈರನ್ನು ಕತ್ತರಿಸಿತು. ವಿಡಿಯೋದಲ್ಲಿ ನೋಡಿ ಅಪ್ಪ, ಕಪ್ಪು ಕಾರು ಸುಮ್ಮನೆ ಮೇಲಕ್ಕೆ ಜಾರುತ್ತದೆ, ಗೋಡೆಯ ಕಡೆಗೆ. ಹಿಂದಿದ್ದ ಕೋಪ್ ಅದರ ಕೆಳಗಿನಿಂದ ನುಸುಳಿ ಹೋಗಿ ಗೆದ್ದ. ಅರ್ನ್‌ಹಾರ್ಟ್ ಹರಿದ ಟೈರಿನಲ್ಲೇ ಐದನೆಯವನಾಗಿ ಗೆರೆ ಮುಟ್ಟಿದ.

ಹೊಸ ಟೈರು ಸೋತಿತು, ಹಳೆಯ ಟೈರು ಗೆದ್ದಿತು. ಹೊಸ ಟೈರು ತಗೊಳ್ಳಿ ಅಂತ ಗಿರಾಕಿಗೆ ಒತ್ತಾಯ ಮಾಡುವ ಮಂಜುವಿಗೆ ಇದನ್ನು ಓದಿ ಹೇಳಬೇಡಿ. ವ್ಯಾಪಾರ ಕೆಡುತ್ತದೆ.

ಆ ಹರಿದ ಟೈರನ್ನು ಅರ್ನ್‌ಹಾರ್ಟನ ತಂಡದವರು ಎಸೆಯಲಿಲ್ಲ. ತಮ್ಮ ಶೆಡ್ಡಿನ ಗೋಡೆಗೆ ನೇತುಹಾಕಿದರು. ದಿನಾ ಬೆಳಿಗ್ಗೆ ಕೆಲಸಕ್ಕೆ ಬಂದವರ ಕಣ್ಣಿಗೆ ಬೀಳಲಿ ಅಂತ. ಅದೇ ವರ್ಷ ಅವನು ನಾಲ್ಕನೆಯ ಸಲ ಚಾಂಪಿಯನ್ ಆದ. ಡೇಟೋನಾ 500 ಸಿಕ್ಕಿದ್ದು ಮಾತ್ರ 1998ರಲ್ಲಿ, ಇಪ್ಪತ್ತನೆಯ ಪ್ರಯತ್ನದಲ್ಲಿ. ಅವತ್ತು ಗಾಲಿಕುರ್ಚಿಯಲ್ಲಿದ್ದ ಒಂದು ಪುಟ್ಟ ಹುಡುಗಿ ಕೊಟ್ಟ ಒಂದು ಸೆಂಟಿನ ನಾಣ್ಯವನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡಿದ್ದ. ಗೆದ್ದು ಒಳಗೆ ಬರುವಾಗ ಅವನನ್ನು ಕಂಡರಾಗದ ತಂಡಗಳ ಮೆಕ್ಯಾನಿಕ್ಕುಗಳೂ ಸಾಲಾಗಿ ನಿಂತು ಕೈ ಮುಟ್ಟಿ ಕಳಿಸಿದರು. ಮೂರೇ ವರ್ಷಕ್ಕೆ, 2001ರಲ್ಲಿ, ಅದೇ ಡೇಟೋನಾದ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ತೀರಿಹೋದ. ಆ ದಿನ ಗೆದ್ದವನು ಅವನದೇ ತಂಡದ ಕಾರು ಓಡಿಸುತ್ತಿದ್ದ ಮೈಕೆಲ್ ವಾಲ್ಟ್ರಿಪ್. 462 ರೇಸು ಓಡಿಸಿ ಒಂದನ್ನೂ ಗೆಲ್ಲದೆ 463ನೆಯದರಲ್ಲಿ ಗೆದ್ದವನು. ಸಂತೋಷಪಡಲು ಅವನಿಗೆ ಸಿಕ್ಕಿದ್ದು ಕೆಲವು ನಿಮಿಷ ಅಷ್ಟೇ. ಅದನ್ನು ಹೇಳುವಾಗ ನಮ್ಮ ತಾತ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡಿದರು. ನಾನೂ ಕೇಳಲು ಹೋಗಲಿಲ್ಲ.

ಕೋಪ್ ಗೆದ್ದಿದ್ದು ಬರೀ ಅದೃಷ್ಟ ಅಂತ ತಾತನ ವಾದ. ನಾನು ಒಪ್ಪಲಿಲ್ಲ. ಟೈರು ಹರಿದದ್ದು ಅದೃಷ್ಟ, ಸರಿ. ಹರಿದಾಗ ಬೆನ್ನ ಹಿಂದೆ ಅವನೇ ಇರಬೇಕಿತ್ತಲ್ಲ? ಹಳೆಯ ಟೈರಿನಲ್ಲಿ ಅಷ್ಟು ಜನರನ್ನು ಹಿಂದೆ ಹಿಡಿದು ನಿಂತವನು ಅವನೇ ತಾನೇ? ಅದೇ ವರ್ಷ ಡೋವರ್ ಎಂಬಲ್ಲಿ ಇನ್ನೊಂದು ರೇಸನ್ನೂ ಗೆದ್ದ. ಆಮೇಲೆ ಎಂದೂ ಗೆಲ್ಲಲಿಲ್ಲ ಅನ್ನುವುದೂ ನಿಜ. ಹಾಗಂತ ಆ ದಿನವನ್ನು ಅವನಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಅಷ್ಟು ದೊಡ್ಡ ರೇಸಿನಲ್ಲಿ ಗುರುತಿಲ್ಲದವರು ಹೇಗೆ ಗೆಲ್ಲುತ್ತಾರೆ ಅಂತ ನೀವು ಕೇಳುತ್ತೀರಿ. ಗಾಳಿ ಅಪ್ಪ, ಗಾಳಿ. ಮಂಜು ಚಿಕ್ಕವನಿದ್ದಾಗ ಲಾರಿಯ ಬೆನ್ನಿಗೆ ಸೈಕಲ್ ಹಾಕಿಕೊಂಡು ಅರಸೀಕೆರೆ ರೋಡಿನಲ್ಲಿ ಹೋಗಿ ನಿಮ್ಮಿಂದ ಏಟು ತಿಂದದ್ದು ನೆನಪಿದೆಯಾ? ಪೆಡಲ್ ತುಳಿಯದಿದ್ದರೂ ಎಳೆದ ಹಾಗೆ ಹೋಗುತ್ತಿತ್ತು ಅಂದಿದ್ದ. ಇಲ್ಲಿಯೂ ಅದೇ. ಮುಂದಿನ ಕಾರು ಗಾಳಿ ಸೀಳುತ್ತದೆ, ಹಿಂದಿನದಕ್ಕೆ ಹಾದಿ ಹಗುರ. 1987ರಲ್ಲಿ ಅಲಬಾಮಾದ ಟಲಡೇಗಾ ಟ್ರ್ಯಾಕಿನಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ ವೇಗ ಮುಟ್ಟಿದ. ಅದೇ ವರ್ಷ ಅಲ್ಲೇ ಬಾಬಿ ಆಲಿಸನ್‌ನ ಕಾರಿನ ಟೈರು ಸಿಡಿದು ಕಾರು ಮೇಲಕ್ಕೆದ್ದು ಜನರ ಮುಂದಿನ ಬೇಲಿಗೆ ಬಡಿಯಿತು. ಅದಾದಮೇಲೆ ಟಲಡೇಗಾ, ಡೇಟೋನಾ ಎಂಬ ಎರಡು ದೊಡ್ಡ ಟ್ರ್ಯಾಕುಗಳಲ್ಲಿ ಇಂಜಿನ್ನಿಗೆ ಹೋಗುವ ಗಾಳಿಯ ದಾರಿಗೆ ತೂತು ಕೊರೆದ ಒಂದು ಪ್ಲೇಟು ಹಾಕಿ ಕಟ್ಟಿದರು. ಕಾರ್ಬುರೇಟರಿಗೆ ಬಟ್ಟೆ ಕಟ್ಟಿದ ಹಾಗೆ ಅಂದುಕೊಳ್ಳಿ. ಆಗ ಎಲ್ಲರ ಶಕ್ತಿಯೂ ಒಂದೇ ಆಯಿತು. ಕೋಟ್ಯಧಿಪತಿಯ ಕಾರೂ ಬಡವನ ಕಾರೂ ಒಂದೇ ಗುಂಪಿನಲ್ಲಿ, ಗಂಟೆಗೆ 300 ಕಿಲೋಮೀಟರಿನಲ್ಲಿ, ಒಂದು ಗೇಣು ಅಂತರದಲ್ಲಿ. ಒಬ್ಬ ಎಡವಿದರೆ ಇಪ್ಪತ್ತು ಕಾರು ಪುಡಿ. ಆ ಹೊಗೆಯೊಳಗಿಂದ ಯಾರು ಹೊರಗೆ ಬರುತ್ತಾರೋ ಅವರೇ ದೊರೆ. ಈಗ ಆ ಪ್ಲೇಟು ಹೋಗಿ ಬೇರೆ ಥರದ ಬಿಗಿ ಬಂದಿದೆ, ಗುಂಪು ಮಾತ್ರ ಹಾಗೇ ಇದೆ.

2021ರಲ್ಲಿ ಮೈಕೆಲ್ ಮೆಕ್‌ಡವಲ್ ಡೇಟೋನಾ 500 ಗೆದ್ದದ್ದು ಹಾಗೆ. ಅವನ 358ನೆಯ ರೇಸು, ಮೊದಲ ಗೆಲುವು. ಕೊನೆಯ ಸುತ್ತಿನಲ್ಲಿ ಮುಂದಿನ ಇಬ್ಬರು, ಅದೂ ಒಂದೇ ತಂಡದವರು, ಒಬ್ಬರಿಗೊಬ್ಬರು ತಗುಲಿ ಬೆಂಕಿ ಹತ್ತಿತು, ಇವನು ನಡುವಿನಿಂದ ತೂರಿಕೊಂಡ. ಒಂದು ಕಾಲದಲ್ಲಿ ನಾಲ್ಕು ಸುತ್ತು ಓಡಿಸಿ ಕಾರು ನಿಲ್ಲಿಸಿ, ಸಿಗುವಷ್ಟು ದುಡ್ಡು ತಗೊಂಡು ಮನೆಗೆ ಹೋಗುತ್ತಿದ್ದ ಬಡ ತಂಡಗಳಲ್ಲಿ ದುಡಿದವನು. ಟೈರಿಗೆ, ಪೆಟ್ರೋಲಿಗೆ ದುಡ್ಡಿಲ್ಲದೆ ಹಾಗೆ ಮಾಡುತ್ತಿದ್ದರಂತೆ.

2011ರದ್ದು ಕೇಳಿದರೆ ಅಮ್ಮ ನಗುತ್ತಾಳೆ. ಟ್ರೆವರ್ ಬೇಯ್ನ್ ಅನ್ನುವ ಹುಡುಗನಿಗೆ ಫೆಬ್ರವರಿ 19ಕ್ಕೆ ಇಪ್ಪತ್ತು ತುಂಬಿತು. 20ನೇ ತಾರೀಖು ಡೇಟೋನಾ 500 ಗೆದ್ದ. ಈ ಮಟ್ಟದಲ್ಲಿ ಅವನು ಓಡಿಸಿದ್ದೇ ಅದು ಎರಡನೆಯ ರೇಸು. ಗೆದ್ದಮೇಲೆ ಬಹುಮಾನ ಕೊಡುವ ಜಾಗಕ್ಕೆ ಹೋಗುವ ದಾರಿಯೇ ಅವನಿಗೆ ಗೊತ್ತಿಲ್ಲ, ತಿರುವು ತಪ್ಪಿಸಿಕೊಂಡು ಮುಂದೆ ಹೋಗಿಬಿಟ್ಟ! ಅವನ ಕಾರು ವುಡ್ ಬ್ರದರ್ಸ್ ಅನ್ನುವ ಅಣ್ಣತಮ್ಮಂದಿರ ಮನೆಯದು. ವರ್ಜೀನಿಯಾದ ಸ್ಟೂವರ್ಟ್ ಅನ್ನುವ ಹಳ್ಳಿಯವರು, 1950ರಿಂದ ರೇಸಿನಲ್ಲಿದ್ದಾರೆ. ಡೇಟೋನಾ 500ರಲ್ಲಿ ಅವರು ಹಿಂದೆ ಗೆದ್ದದ್ದು 1976ರಲ್ಲಿ. ಆಗ ಅವರ ಡ್ರೈವರು ಡೇವಿಡ್ ಪಿಯರ್ಸನ್ ಮತ್ತು ರಿಚರ್ಡ್ ಪೆಟ್ಟಿ ಕೊನೆಯ ತಿರುವಿನಲ್ಲಿ ಡಿಕ್ಕಿ ಹೊಡೆದುಕೊಂಡು ಇಬ್ಬರ ಕಾರೂ ಜಜ್ಜಿಹೋಯಿತು. ಪೆಟ್ಟಿಯದು ಗೆರೆಯ ಹತ್ತಿರವೇ ಆಫ್ ಆಗಿ ನಿಂತಿತು. ಪಿಯರ್ಸನ್ ತಿರುಗುವಾಗಲೇ ಕ್ಲಚ್ ಒತ್ತಿ ಇಂಜಿನ್ ಆರದಂತೆ ಹಿಡಿದಿದ್ದ. ಮುದುರಿದ ಕಾರನ್ನು ಎತ್ತಿನಗಾಡಿಯ ಹಾಗೆ ತೆವಳಿಸಿ ಗೆರೆ ದಾಟಿಸಿದ. ಕ್ಲಚ್ ವಿಷಯದಲ್ಲಿ ನೀವು ನನ್ನನ್ನು ಬೈಯ್ದದ್ದೆಲ್ಲ ಆಗ ನೆನಪಾಯಿತು. ಬೇಯ್ನ್ ಅದಾದಮೇಲೆ ಆ ಮಟ್ಟದಲ್ಲಿ ಇನ್ನೊಂದು ಗೆಲ್ಲಲಿಲ್ಲ. ಕಾಫಿ ಅಂಗಡಿ ಇಟ್ಟ.

ಮಳೆಯ ಕಥೆ ಒಂದು ಇದೆ, ಬೇಗ ಹೇಳಿ ಮುಗಿಸುತ್ತೇನೆ. 2019ರ ಜುಲೈ, ಡೇಟೋನಾದಲ್ಲೇ. ದೊಡ್ಡ ಡಿಕ್ಕಿಯಾಗಿ ಹಳದಿ ಬಾವುಟ, ಮುಂದಿದ್ದ ಕರ್ಟ್ ಬುಶ್ ಇನ್ನೇನು ರೇಸು ಮತ್ತೆ ಶುರು ಅಂತ ಟೈರು, ಪೆಟ್ರೋಲಿಗೆ ಒಳಗೆ ಹೋದ. ಮೂರನೆಯ ರೇಸು ಓಡಿಸುತ್ತಿದ್ದ ಜಸ್ಟಿನ್ ಹೇಲಿ ಹೊರಗೇ ಉಳಿದ. ಅಷ್ಟರಲ್ಲಿ ಹತ್ತಿರದಲ್ಲೆಲ್ಲೋ ಮಿಂಚು. ಮಿಂಚು ಕಂಡರೆ ರೇಸು ನಿಲ್ಲಿಸಬೇಕು, ಅದು ನಿಯಮ. ಆಮೇಲೆ ಮಳೆ ಹಿಡಿಯಿತು. ಕಾದು ಕಾದು ಕೊನೆಗೆ ಹೇಲಿಯೇ ಗೆದ್ದ ಅಂದರು. ಕ್ರಿಕೆಟ್ಟಿನ ಡಕ್‌ವರ್ತ್-ಲೂಯಿಸ್‌ನಲ್ಲಾದರೂ ಒಂದು ಲೆಕ್ಕವಿದೆ. ಇದರಲ್ಲಿ ಮಳೆ ಬರುವಾಗ ಮುಂದೆ ಇದ್ದವನೇ ರಾಜ. ಇಂಥ ಗೆಲುವು ನನಗೇನೂ ರುಚಿಸುವುದಿಲ್ಲ.

ನನಗೆ ತುಂಬಾ ಹಿಡಿಸಿದವನು ಅಲನ್ ಕುಲ್ವಿಕಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ರೇಸಿನವರೆಲ್ಲ ಹೆಚ್ಚಾಗಿ ಈ ದಕ್ಷಿಣದ ರಾಜ್ಯಗಳವರು, ಇವನು ಉತ್ತರದ ವಿಸ್ಕಾನ್ಸಿನ್‌ನವನು. ಇದ್ದಬದ್ದದ್ದೆಲ್ಲ ಮಾರಿ ಷಾರ್ಲಟ್‌ಗೆ ಹೊರಟ. ಹೊರಡುವುದಕ್ಕೆ ಎರಡು ದಿನ ಮುಂಚೆ ಅವನ ಟ್ರಕ್ಕು ಸುಟ್ಟುಹೋಯಿತು, ಬೇರೆಯವರ ಟ್ರಕ್ಕು ಕೇಳಿ ತಂದು ಟ್ರೇಲರ್ ಎಳೆದುಕೊಂಡು ಬಂದ. ಇಲ್ಲಿ ಬಂದು ತಾನೇ ಓನರು, ತಾನೇ ಡ್ರೈವರು. ಜೂನಿಯರ್ ಜಾನ್ಸನ್ ಅನ್ನುವ ದೊಡ್ಡ ಧಣಿ ತನ್ನ ಕಾರು ಓಡಿಸಲು ಕರೆದರೂ ಹೋಗಲಿಲ್ಲ. ಪರರ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುವುದಿಲ್ಲ ಅಂತ ನೀವು ಅಜ್ಜನ ಹತ್ತಿರ ಹಟ ಹಿಡಿದಿರಂತಲ್ಲ, ಆ ಜಾತಿ.

1992. ವರ್ಷದ ಒಟ್ಟು ಪಾಯಿಂಟಿನ ಲೆಕ್ಕದಲ್ಲಿ ಚಾಂಪಿಯನ್ ಆಗುವುದು. ಆರು ರೇಸು ಉಳಿದಿರುವಾಗ ಇವನು 278 ಪಾಯಿಂಟು ಹಿಂದೆ. ಮುಗಿಯಿತು ಅಂತ ಎಲ್ಲರೂ ಬಿಟ್ಟರು, ಅವನೂ ಬಿಟ್ಟಿದ್ದ ಅಂತ ಕಾಣುತ್ತೆ. ಆದರೆ ಮುಂದಿನವರು ಒಬ್ಬೊಬ್ಬರಾಗಿ ಕೆಟ್ಟರು. ನವೆಂಬರ್ 15ರಂದು ಅಟ್ಲಾಂಟಾದಲ್ಲಿ ಕೊನೆಯ ರೇಸಿಗೆ ಬರುವಾಗ ಆರು ಜನರಿಗೆ ಅವಕಾಶ ಉಳಿದಿತ್ತು. ಕಾರಿನ ಹೆಸರು ಫೋರ್ಡ್ ಥಂಡರ್‌ಬರ್ಡ್. ಇವನು ಮುಂದಿನ ಬಂಪರಿನಿಂದ ಮೊದಲಿನ ಎರಡು ಅಕ್ಷರ ತೆಗೆಸಿ ಅಂಡರ್‌ಬರ್ಡ್ ಅಂತ ಮಾಡಿಕೊಂಡ. ದುರ್ಬಲನ ಹಕ್ಕಿ ಅಂತ ಅರ್ಥ ಇಟ್ಟುಕೊಳ್ಳಿ.

ಟೈರು, ಪೆಟ್ರೋಲಿಗೆ ನಿಲ್ಲಿಸುವ ಜಾಗಕ್ಕೆ, ಅಂದರೆ ಪಿಟ್ಟಿಗೆ, ಮೊದಲ ಸಲ ಬಂದಾಗಲೇ ಒಂದನೆಯ ಗೇರು ಕೆಟ್ಟಿತು. ಆಮೇಲೆ ಪ್ರತಿ ಸಲವೂ ಹುಡುಗರು ಹಿಂದಿನಿಂದ ತಳ್ಳಿ ಓಡಿಸಬೇಕು. ನಮ್ಮ ಅಂಗಡಿ ಮುಂದೆ ಲಾರಿ ತಳ್ಳಿ ಸ್ಟಾರ್ಟ್ ಮಾಡುವುದಿಲ್ಲವೇ, ಹಾಗೆ! ಕೊನೆಗೆ ಉಳಿದವರು ಇಬ್ಬರು: ಕುಲ್ವಿಕಿ, ಮತ್ತೆ ಬಿಲ್ ಎಲಿಯಟ್. ಎಲಿಯಟ್ ಓಡಿಸುತ್ತಿದ್ದದ್ದು ಯಾರ ಕಾರು? ಅದೇ ಜೂನಿಯರ್ ಜಾನ್ಸನ್‌ರದು. ರೇಸನ್ನು ಗೆದ್ದವನು ಎಲಿಯಟ್, ಕುಲ್ವಿಕಿ ಎರಡನೆಯವನು. ಆದರೆ ಹೆಚ್ಚು ಸುತ್ತು ಮುಂದಿದ್ದವನಿಗೆ ಐದು ಪಾಯಿಂಟು ಬೋನಸ್. ಕುಲ್ವಿಕಿ 103 ಸುತ್ತು ಮುಂದಿದ್ದ, ಎಲಿಯಟ್ 102. ಅದೊಂದು ಸುತ್ತಿಗಾಗಿ ಅವನ ಹುಡುಗರು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ, ಒಳಗೆ ಕರೆಯದೆ ಹೊರಗೇ ಓಡಿಸಿದ್ದರು. ಒಟ್ಟು ಲೆಕ್ಕದಲ್ಲಿ ಹತ್ತು ಪಾಯಿಂಟಿನಿಂದ ಕುಲ್ವಿಕಿ ಚಾಂಪಿಯನ್. ಆ ಬೋನಸ್ ಎಲಿಯಟ್‌ಗೆ ಹೋಗಿದ್ದರೆ ಸಮ ಆಗಿ, ಹೆಚ್ಚು ರೇಸು ಗೆದ್ದ ಎಲಿಯಟ್ ಚಾಂಪಿಯನ್ ಆಗುತ್ತಿದ್ದ. ಕುಲ್ವಿಕಿ ಕಾರಿನಿಂದ ಇಳಿಯುವ ಮುಂಚೆ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಟಿ.ವಿ.ಯವರು ಕಾಯುತ್ತಾ ನಿಂತಿದ್ದರು.

ಐದು ತಿಂಗಳೂ ತುಂಬಲಿಲ್ಲ. 1993ರ ಏಪ್ರಿಲ್ 1ರಂದು ವಿಮಾನ ಬಿದ್ದು ತೀರಿಕೊಂಡ. ಇನ್ನೂ ನಲವತ್ತೂ ಆಗಿರಲಿಲ್ಲ.

ಇನ್ನೊಂದನ್ನು ಬರೆಯುವಾಗ ಸಿಟ್ಟು ಬರುತ್ತದೆ. ವೆಂಡೆಲ್ ಸ್ಕಾಟ್ ಅವರದು. ವರ್ಜೀನಿಯಾದ ಡ್ಯಾನ್‌ವಿಲ್‌ನ ಕಪ್ಪು ಜನಾಂಗದವರು. ಟ್ಯಾಕ್ಸಿ ಓಡಿಸಿದವರು, ಸೈನ್ಯದಲ್ಲಿದ್ದು ಬಂದವರು, ಕಳ್ಳಭಟ್ಟಿ ಸಾಗಿಸಿ ಪೊಲೀಸರಿಗೆ ಸಿಕ್ಕಿಯೂ ಬಿದ್ದವರು. ಕಾರು ಅವರೇ ರಿಪೇರಿ ಮಾಡಿಕೊಳ್ಳಬೇಕು, ಪಿಟ್ಟಿನಲ್ಲಿ ಕೈಕೊಡುವವರು ಅವರ ಮಕ್ಕಳೇ. 1963ರ ಡಿಸೆಂಬರ್ 1, ಫ್ಲಾರಿಡಾದ ಜ್ಯಾಕ್ಸನ್‌ವಿಲ್, ಮಣ್ಣಿನ ಟ್ರ್ಯಾಕು. ಸ್ಕಾಟ್ ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದರು. ಆದರೂ ಬಾವುಟ ಬೀಸಿದ್ದು ಬಕ್ ಬೇಕರ್ ಅನ್ನುವ ಬಿಳಿಯನಿಗೆ. ಬಹುಮಾನ ಅವನಿಗೆ, ಫೋಟೋ ಅವನಿಗೆ. ಜನರೆಲ್ಲ ಮನೆಗೆ ಹೋದಮೇಲೆ "ಲೆಕ್ಕ ತಪ್ಪಿತ್ತು, ಗೆದ್ದದ್ದು ಸ್ಕಾಟ್" ಅಂದರು. ಗೆದ್ದವನಿಗೆ ಒಬ್ಬ ಸುಂದರಿ ಬಂದು ಮುತ್ತು ಕೊಡುವ ಪದ್ಧತಿ ಇತ್ತು. ಕಪ್ಪು ಮನುಷ್ಯನಿಗೆ ಬಿಳಿ ಹುಡುಗಿ ಮುತ್ತು ಕೊಡುವುದನ್ನು ಜನರ ಎದುರು ತಪ್ಪಿಸಲೆಂದೇ ಹಾಗೆ ಮಾಡಿದರು ಅಂತ ಸ್ಕಾಟ್ ಕೊನೆಯವರೆಗೂ ನಂಬಿದ್ದರು.

ಆ ಟ್ರೋಫಿ ಅವರ ಕೈಗೆ ಬರಲೇ ಇಲ್ಲ. 1990ರಲ್ಲಿ ತೀರಿಕೊಂಡರು. 2015ರಲ್ಲಿ ಷಾರ್ಲಟ್‌ನ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಟ್ರೋಫಿಯನ್ನು ಅವರ ಮನೆಯವರಿಗೆ ಕೊಟ್ಟದ್ದು 2021ರ ಆಗಸ್ಟ್‌ನಲ್ಲಿ, ಐವತ್ತೇಳು ವರ್ಷ ಕಳೆದಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಬುಬ್ಬಾ ವಾಲೇಸ್ ಟಲಡೇಗಾದಲ್ಲಿ ಗೆದ್ದ. ಸ್ಕಾಟ್ ಬಿಟ್ಟರೆ ಈ ಮಟ್ಟದಲ್ಲಿ ಗೆದ್ದ ಕಪ್ಪು ಜನಾಂಗದ ಡ್ರೈವರು ಅವನೊಬ್ಬನೇ. ಸ್ಕಾಟ್ ಅವರ ಕಾರಿನ ನಂಬರು 34. ಮೇಲೆ ಹೇಳಿದೆನಲ್ಲ, 358 ರೇಸು ಕಾದು ಗೆದ್ದ ಮೆಕ್‌ಡವಲ್, ಅವನು ಗೆದ್ದಾಗಿನ ಕಾರಿನ ನಂಬರೂ 34. ಅದರಲ್ಲಿ ಏನೂ ಅರ್ಥವಿಲ್ಲ, ಆದರೂ ಬರೆಯಬೇಕೆನ್ನಿಸಿತು.

ಈ ತಾರುಮಾರು ಇವರಿಗೆ ಹುಟ್ಟಿನಿಂದಲೇ ಬಂದದ್ದು ಅಂತ ತಾತ ನಗುತ್ತಾರೆ. ಈ ಮಟ್ಟದ ಮೊಟ್ಟಮೊದಲ ರೇಸು 1949ರ ಜೂನ್ 19ರಂದು ಷಾರ್ಲಟ್‌ನಲ್ಲೇ ಆದದ್ದು, ಈಗಿನ ಏರ್‌ಪೋರ್ಟಿನ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ. ನಾವು ಊರಿಗೆ ಬರಲು ವಿಮಾನ ಹತ್ತುವುದೂ ಅಲ್ಲಿಂದಲೇ. ಅಂಗಡಿಯಿಂದ ತಂದ ಕಾರು ತಂದ ಹಾಗೇ ಓಡಿಸಬೇಕು ಅನ್ನುವುದು ಆಗಿನ ಷರತ್ತು, ಸ್ಟಾಕ್ ಕಾರ್ ಅನ್ನುವ ಹೆಸರು ಅದಕ್ಕೇ. ಗ್ಲೆನ್ ಡನವೇ ಅನ್ನುವವನು ಮೊದಲು ಬಂದ. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಸ್ಪ್ರಿಂಗುಗಳನ್ನು ತಿದ್ದಿದ್ದರು. ಕಳ್ಳಭಟ್ಟಿ ತುಂಬಿದ ಡಿಕ್ಕಿ ಭಾರಕ್ಕೆ ಕೂರದ ಹಾಗೆ, ತಿರುವಿನಲ್ಲಿ ತೂಗಾಡದ ಹಾಗೆ ಮಾಡುವ ಉಪಾಯ ಅದು. ಆ ಕಾರು ಅದೇ ಕೆಲಸಕ್ಕೆ ಇದ್ದದ್ದು! ಅವನನ್ನು ಕೈಬಿಟ್ಟು ಎರಡನೆಯವನಾದ ಜಿಮ್ ರೋಪರ್‌ಗೆ ಕೊಟ್ಟರು. ಅವನು ದೂರದ ಕ್ಯಾನ್ಸಸ್‌ನವನು. ಪೇಪರಿನ ಚಿತ್ರಕಥೆಯಲ್ಲಿ ಈ ರೇಸಿನ ಸುದ್ದಿ ಓದಿ ತನ್ನ ಲಿಂಕನ್ ಕಾರನ್ನು ಓಡಿಸಿಕೊಂಡು ಬಂದಿದ್ದನಂತೆ. ಓವರ್‌ಲೋಡ್ ಮರಳು ಲಾರಿಗಳ ಸ್ಪ್ರಿಂಗ್ ನೋಡಿದ ತಕ್ಷಣ ಕಂಡುಹಿಡಿಯುವ ನಿಮ್ಮನ್ನು ಅವತ್ತು ಅಲ್ಲಿ ನಿಲ್ಲಿಸಬೇಕಿತ್ತು.

ಕೊನೆಯದಾಗಿ ಒಂದು, ನಾನು ಮೂರು ಸಲ ನೋಡಿದ್ದು. ಹೋದ ವರ್ಷ ಆಗಸ್ಟ್ 24, ಡೇಟೋನಾ. ಹ್ಯಾರಿಸನ್ ಬರ್ಟನ್ ಅನ್ನುವ ಹುಡುಗ, ಅದೇ ವುಡ್ ಅಣ್ಣತಮ್ಮಂದಿರ ಕಾರು. ಪಾಯಿಂಟಿನಲ್ಲಿ 34ನೇ ಸ್ಥಾನ. ಮುಂದಿನ ವರ್ಷ ಈ ಕಾರು ಬೇರೆಯವನಿಗೆ ಅಂತ ಆಗಲೇ ಹೇಳಿಯಾಗಿತ್ತು. ಕೊನೆಯ ಸುತ್ತಿನಲ್ಲಿ ಕೈಲ್ ಬುಶ್ ಅನ್ನುವ ಎರಡು ಸಲದ ಚಾಂಪಿಯನ್ನನ್ನು ದಾಟಿ ಗೆದ್ದುಬಿಟ್ಟ. ಅವನಿಗೆ ಮೊದಲ ಗೆಲುವು, ಆ ಮನೆತನಕ್ಕೆ ನೂರನೆಯದು.

ಟಿ.ವಿ.ಯಲ್ಲಿ ಕಾಮೆಂಟರಿ ಹೇಳಲು ಕೂತಿದ್ದವರಲ್ಲಿ ಒಬ್ಬ ಜೆಫ್ ಬರ್ಟನ್, ಹುಡುಗನ ಅಪ್ಪ. ತಾನೂ ಹಿಂದೆ 21 ರೇಸು ಗೆದ್ದವನು. ಮಗನ ಕಾರು ಮುಂದೆ ಬರುತ್ತಿರುವಾಗಲೂ ಇಡೀ ದೇಶ ಕೇಳುವ ಮೈಕಿನ ಮುಂದೆ ಕೂತಿರಬೇಕು. ನಾನು ಎಸ್.ಎಸ್.ಎಲ್.ಸಿ. ರಿಸಲ್ಟ್ ನೋಡಲು ಹೋದ ದಿನ ನೀವು ಅಂಗಡಿಯಲ್ಲಿ ಒಂದೇ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆದು, ಮುಳುಗಿಸಿ ತೆಗೆದು ಮಾಡುತ್ತಿದ್ದಿರಂತೆ. ತೂತೇ ಇಲ್ಲದ ಟ್ಯೂಬು. ಅಮ್ಮ ಹೇಳಿದ್ದು.

ಇರಲಿ. ದೀಪಾವಳಿಗೆ ಬರುವುದು ಹೆಚ್ಚುಕಡಿಮೆ ಖಾತ್ರಿ, ಇವರಿಗೆ ರಜ ಸಿಗಬೇಕು ಅಷ್ಟೇ. ಅಮ್ಮನಿಗೆ ಮಂಡಿನೋವಿನ ಎಣ್ಣೆ ಬಿಡಬೇಡ ಅಂತ ಹೇಳಿ. ಮಂಜು ಟ್ಯೂಬ್‌ಲೆಸ್ ಮೆಷಿನ್ ತಗೊಳ್ಳಬೇಕು ಅಂದನಲ್ಲ, ತಗೊಳ್ಳಲಿ, ನಾನು ಸ್ವಲ್ಪ ಕಳಿಸುತ್ತೇನೆ. ನೀವು ಮಾತ್ರ ಬಿಸಿಲಿನಲ್ಲಿ ಜಾಕಿ ಹಾಕಲು ಹೋಗಬೇಡಿ.

ಆ ರಬ್ಬರ್ ಚೂರನ್ನು ಒಮ್ಮೆ ಉಗುರಿನಲ್ಲಿ ಒತ್ತಿ, ಮೂಸಿ ನೋಡಿ. ನಮ್ಮ ಲಾರಿ ಟೈರಿನ ರಬ್ಬರಿಗಿಂತ ಮೆತ್ತಗಿದೆ ಅಂತ ನನಗನ್ನಿಸಿತು. ಇದಕ್ಕೆ ನಮ್ಮ ಸೊಲ್ಯೂಶನ್ ಹಿಡಿಯುತ್ತದೆಯೇ, ಅಥವಾ ಬಿಸಿ ಪ್ಯಾಚೇ ಹಾಕಬೇಕೇ? ಕಾಗದ ತಲುಪಿದ ಮೇಲೆ ಭಾನುವಾರ ಫೋನ್ ಮಾಡಿದಾಗ ಹೇಳಿ. ತಾತನ ಹತ್ತಿರ ಪಂದ್ಯ ಕಟ್ಟಿದ್ದೇನೆ.

ಇತಿ ನಿಮ್ಮ ಮಗಳು,
ಸುಧಾ